ಅವ್ವನ ಸೀರೆ ಎತ್ತಿಸಿ ಯಾವ ವಿಮಾನ ಉಳಿಸಿದರು?

ಮೂರು ವಾರದಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಿದ್ದೇನೆ. ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ.

ಹೋದ ತಿಂಗಳು ಅವ್ವನನ್ನು ಕರೆದುಕೊಂಡು ದುಬೈಗೆ ಹೋಗಿದ್ದೆ. ಅಲ್ಲಿ ತಂಗಿಗೆ ಹೆರಿಗೆ. ಬಾಣಂತನಕ್ಕೆ ಅವ್ವನೇ ಬರಬೇಕು ಅಂತ ಅವಳ ಹಟ. ಅವ್ವನಿಗೆ 68 ವರ್ಷ. ವಿಮಾನ ಹತ್ತುತ್ತಿರುವುದು ಇದೇ ಮೊದಲು. ದಾವಣಗೆರೆಯಲ್ಲಿ ಏರ್‌ಪೋರ್ಟ್ ಇಲ್ಲ, ಎಲ್ಲಿಗೆ ಹೋಗಬೇಕೆಂದರೂ ಮೊದಲು ಇನ್ನೊಂದು ಊರು ಸೇರಬೇಕು. ಯಾವ ಏರ್‌ಪೋರ್ಟ್ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ತಕರಾರು ಒಂದು ಜಾಗದ ಮೇಲಲ್ಲ, ಅಲ್ಲಿ ತಪಾಸಣೆಗೆ ನಿಂತಿದ್ದ ಹುಡುಗಿಯ ಮೇಲೂ ಅಲ್ಲ.

ಹೊರಡುವ ಹಿಂದಿನ ವಾರವೆಲ್ಲ ಮನೆ ತುಂಬಾ ತುಪ್ಪದ ಘಮ. ಪರಿಚಯದವರ ಮನೆಯಿಂದ ಬೆಣ್ಣೆ ತರಿಸಿ, ವೀಳ್ಯದೆಲೆ ಹಾಕಿ ಕಾಯಿಸಿ, ಹಳೇ ಹಾರ್ಲಿಕ್ಸ್ ಬಾಟಲಿಗೆ ಸೋಸಿದಳು. ಬಾಯಿಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಟ್ಟೆ, ಎರಡು ಸುತ್ತು ರಬ್ಬರ್ ಬ್ಯಾಂಡ್. ಅಂಟಿನುಂಡೆ ಬೇರೆ ಡಬ್ಬಿಗೆ. ಅವ್ವನ ತವರು ಹೊಸದುರ್ಗದ ಕಡೆ. ಅಲ್ಲಿಂದ ಮಾವ ಕೊಬ್ಬರಿ ಕಳಿಸಿದ್ದರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ, ಒಡೆದರೆ ಎಣ್ಣೆ ಮಿನುಗುವ ಕೊಬ್ಬರಿ. ಅದನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿದೆವು. ತೂಕ ಜಾಸ್ತಿ ಆಯಿತು ಅಂತ ತುಪ್ಪ ಮಾತ್ರ ಕೈಚೀಲಕ್ಕೆ ಬಂತು.

ಮೊದಲು ಹೋಗಿದ್ದು ಕೊಬ್ಬರಿ. ಸೂಟ್‌ಕೇಸ್ ಒಪ್ಪಿಸಿದ ಮೇಲೆ ನಮ್ಮನ್ನು ವಾಪಸ್ ಕರೆದು, ಬೀಗ ತೆಗೆಸಿ, ಹನ್ನೆರಡು ಬಟ್ಟಲನ್ನೂ ಒಂದೊಂದಾಗಿ ಹೊರಗಿಟ್ಟರು. ಯಾಕೆ ಅಂತ ಕೇಳಿದರೆ 'ರೂಲ್ಸ್' ಎಂಬ ಒಂದೇ ಮಾತು. ಆಮೇಲೆ ಒಳಗಿನ ತಪಾಸಣೆಯಲ್ಲಿ ತುಪ್ಪವನ್ನೂ ಕಿತ್ತುಕೊಂಡರು. ನೂರು ಮಿಲಿಗಿಂತ ಜಾಸ್ತಿ ಇದ್ದರೆ ಬಿಡುವುದಿಲ್ಲ ಅಂತ ಹಿಂದಿಯಲ್ಲಿ ಹೇಳಿದರು. ಅವ್ವನಿಗೆ ಹಿಂದಿ ಬರುವುದಿಲ್ಲ. ನಾನು ಹೇಳಿದಾಗ ಬಾಟಲಿಯ ಮೇಲೆ ಕೈ ಇಟ್ಟುಕೊಂಡು, 'ಬಾಣಂತಿಗಮ್ಮ ಇದು, ಮನೇಲಿ ಕಾಸಿದ್ದು' ಅಂತ ಆ ಹುಡುಗಿಗೆ ಕನ್ನಡದಲ್ಲೇ ಹೇಳಿದಳು. ಆ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ.

ಇಷ್ಟಾಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ.

ಅವ್ವನ ಎರಡೂ ಮಂಡಿಗೆ ಆಪರೇಷನ್ ಆಗಿದೆ, ಒಳಗೆ ಲೋಹದ ಕೀಲು ಹಾಕಿದ್ದಾರೆ. ಲೋಹ ಪತ್ತೆ ಮಾಡುವ ಚೌಕಟ್ಟಿನೊಳಗೆ ಕಾಲಿಟ್ಟ ಕೂಡಲೇ ಯಂತ್ರ ಕೂಗಿತು. ಪರದೆ ಹಾಕಿದ ಗೂಡಿಗೆ ಕರೆದೊಯ್ದರು. ಕೈಯಲ್ಲಿ ಹಿಡಿಯುವ ಯಂತ್ರ ಮಂಡಿಯ ಹತ್ತಿರ ಮತ್ತೆ ಕೂಗಿತು. ಸೀರೆ ಮೇಲೆತ್ತಿ ಅಂತ ಸನ್ನೆ. ಅವ್ವ ನನ್ನ ಮುಖ ನೋಡಿದಳು. ಪರದೆ ಪೂರ್ತಿ ಎಳೆದಿರಲಿಲ್ಲ. ಅಂಗೈ ಅಗಲದ ಸಂದಿಯಲ್ಲಿ ಹಿಂದಿನ ಸಾಲು ನನಗೆ ಕಾಣುತ್ತಿತ್ತು ಅಂದ ಮೇಲೆ, ಸಾಲಿನವರಿಗೂ ಅವ್ವ ಕಾಣುತ್ತಿದ್ದಳು. ಒಂದು ಕೈಯಲ್ಲಿ ನನ್ನ ಭುಜ ಹಿಡಿದು, ಇನ್ನೊಂದು ಕೈಯಲ್ಲಿ ಸೀರೆಯನ್ನೂ ಲಂಗವನ್ನೂ ಮಂಡಿಯ ಮೇಲಕ್ಕೆ ಎತ್ತಿದಳು. ಉದ್ದಕ್ಕೆ ಹೊಲಿಗೆಯ ಗುರುತು ಕಂಡಿತು. 'ಹೋಗಿ' ಅಂದರು. ಎರಡು ನಿಮಿಷವೂ ಆಗಿರಲಿಲ್ಲ. ವಿಮಾನ ಹತ್ತುವವರೆಗೂ ಅವ್ವ ಒಂದು ಮಾತೂ ಆಡಲಿಲ್ಲ.

ತಪಾಸಣೆಯೇ ಬೇಡ ಅಂತ ನಾನು ಹೇಳುವುದಿಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡ್ ಹತ್ತಿರ ಸಮುದ್ರದ ಮೇಲೆ ಸಿಡಿಯಿತು. ಸತ್ತವರು 329 ಜನ. ಬಾಂಬ್ ಇದ್ದ ಸೂಟ್‌ಕೇಸ್ ವಿಮಾನದಲ್ಲಿತ್ತು, ಅದನ್ನು ಒಪ್ಪಿಸಿದವನು ವಿಮಾನ ಹತ್ತಿರಲೇ ಇಲ್ಲ. ಪ್ರಯಾಣಿಕ ಹತ್ತದಿದ್ದರೆ ಅವನ ಲಗೇಜನ್ನೂ ಕೆಳಗಿಳಿಸಬೇಕು ಎಂಬ ನಿಯಮ ಎಷ್ಟು ಮುಖ್ಯ ಅಂತ ಅದರಿಂದ ಗೊತ್ತಾಗುತ್ತದೆ. ಅದಕ್ಕಾಗಿ ವಿಮಾನ ಒಂದು ಗಂಟೆ ತಡವಾದರೂ ನಾನು ಗೊಣಗುವುದಿಲ್ಲ. 1999ರ ಡಿಸೆಂಬರ್‌ನ ಕಂದಹಾರ್ ವಿಮಾನ ಅಪಹರಣ ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಅಪಹರಣಕಾರರು ಕಠ್ಮಂಡುವಿನಲ್ಲಿ ಆಯುಧ ಇಟ್ಟುಕೊಂಡೇ ಹತ್ತಿದ್ದರು. ಅಲ್ಲಿ ಸರಿಯಾಗಿ ತಪಾಸಣೆ ಮಾಡಿದ್ದರೆ ಅಷ್ಟು ದಿನದ ಆ ನರಕ ಇರುತ್ತಿರಲಿಲ್ಲ, ಅಲ್ವಾ?

ನನ್ನ ಮಾತು ಇಷ್ಟೇ. ಏನಾದರೂ ಒಂದು ಆದ ಕೂಡಲೇ ನಿಯಮ ತರುತ್ತಾರೆ. ಆ ನಿಯಮ ಇನ್ನೂ ಬೇಕಾ ಅಂತ ಆಮೇಲೆ ಯಾರೂ ಕೂತು ನೋಡುವುದಿಲ್ಲ. 2001ರ ಡಿಸೆಂಬರ್‌ನಲ್ಲಿ ಒಬ್ಬ ಶೂ ಒಳಗೆ ಸ್ಫೋಟಕ ಇಟ್ಟುಕೊಂಡು ಅಮೆರಿಕದ ಕಡೆ ಹೊರಟ ವಿಮಾನ ಹತ್ತಿದ್ದ. ಜೊತೆಗಿದ್ದವರೇ ಹಿಡಿದು ಕಟ್ಟಿಹಾಕಿದರು. 2006ರಿಂದ ಅಮೆರಿಕದಲ್ಲಿ ಎಲ್ಲರೂ ಶೂ ಬಿಚ್ಚಬೇಕಾಯಿತು. ಅದನ್ನು ಕೈಬಿಟ್ಟಿದ್ದು 2025ರ ಜುಲೈನಲ್ಲಿ. ಹತ್ತೊಂಬತ್ತು ವರ್ಷ! ನಮ್ಮ ತುಪ್ಪದ ಕಥೆಯೂ ಹೀಗೇ. 2006ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ತಂಪು ಪಾನೀಯದ ಬಾಟಲಿಗಳಲ್ಲಿ ಬಾಂಬ್ ಸಾಗಿಸುವ ಸಂಚು ಸಿಕ್ಕಿಬಿತ್ತು. ಅಲ್ಲಿಂದ ಬಂದದ್ದು ಈ ನೂರು ಮಿಲಿ ಲೆಕ್ಕ. ಈಗ ಬ್ರಿಟನ್ನಿನಲ್ಲೇ ಎಡಿನ್‌ಬರೋ, ಬರ್ಮಿಂಗ್‌ಹ್ಯಾಂ ಏರ್‌ಪೋರ್ಟುಗಳು ಹೊಸ ಸ್ಕ್ಯಾನರ್ ಹಾಕಿ 2025ರಿಂದ ಎರಡು ಲೀಟರ್‌ವರೆಗೆ ಬಿಡುತ್ತಿವೆ. ನಿಯಮ ಹುಟ್ಟಿದ ದೇಶವೇ ಸಡಿಲ ಮಾಡಿದೆ.

ಕೊಬ್ಬರಿ ವಿಷಯ ಬೇರೆ. ಮನೆಗೆ ಬಂದು ಹುಡುಕಿ ಓದಿದ ಮೇಲೆ ನಾನೇ ಒಪ್ಪಿದೆ. ಕೊಬ್ಬರಿ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು. ಅಪಾಯಕಾರಿ ಸರಕುಗಳಿಗೆ ವಿಶ್ವಸಂಸ್ಥೆ ಕೊಡುವ ನಂಬರ್‌ಗಳಲ್ಲಿ ಅದಕ್ಕೂ ಒಂದಿದೆ, 1363. ಮಾವನಿಗೆ ಫೋನ್ ಮಾಡಿ ಹೇಳಿದರೆ, 'ಹೌದಮ್ಮ, ಸರಿಯಾಗಿ ಒಣಗದೆ ರಾಶಿ ಹಾಕಿದ್ರೆ ಒಳಗೆ ಕೈಯಿಡೋಕಾಗಲ್ಲ, ಅಷ್ಟು ಕಾವು' ಅಂದರು. ತೆಂಗು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಟಿಕೆಟ್ ಜೊತೆ ಒಂದು ಸಾಲು ಕನ್ನಡದಲ್ಲಿ ಬಂದಿದ್ದರೆ ಅವ್ವ ಕೊಬ್ಬರಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದಳು. ಹೊರದೇಶಕ್ಕೆ ಹೋಗುವ ಪ್ರತಿ ಪ್ರಯಾಣಿಕರಿಂದ ಭದ್ರತಾ ಶುಲ್ಕ ಅಂತ 12 ಡಾಲರ್ ಹಿಡಿಯುತ್ತಾರೆ, ದೇಶದೊಳಗೆ 200 ರೂಪಾಯಿ. ಆ ದುಡ್ಡಲ್ಲಿ ಒಂದು ಸಾಲು ಬರೆಸಲು ಆಗುವುದಿಲ್ಲವೇ?

ಮಂಡಿಯ ವಿಷಯಕ್ಕೆ ಮಾತ್ರ ನನ್ನಲ್ಲಿ ಸಮಾಧಾನ ಇಲ್ಲ. ಇಡೀ ಮೈ ನೋಡುವ ಬಾಡಿ ಸ್ಕ್ಯಾನರ್ ಅಂತ ಇದೆ. ಅದು ಚರ್ಮದ ಒಳಗೆ ಇಣುಕುವುದಿಲ್ಲ. ಬಟ್ಟೆಯ ಒಳಗೆ, ಚರ್ಮದ ಮೇಲೆ ಏನಿದೆ ಅಂತಷ್ಟೇ ನೋಡುತ್ತದೆ. ಅಂದರೆ ಅವ್ವನ ಮಂಡಿಯೊಳಗಿನ ಲೋಹಕ್ಕೆ ಅದು ಕೂಗುವುದೇ ಇಲ್ಲ. ಸೀರೆಯೊಳಗೆ ಚೂರಿ ಕಟ್ಟಿಕೊಂಡಿದ್ದರೆ ತೋರಿಸುತ್ತದೆ. ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2019ರಲ್ಲೇ ಇದನ್ನು 84 ಏರ್‌ಪೋರ್ಟುಗಳಲ್ಲಿ ಹಾಕಬೇಕು ಅಂತ ಆದೇಶ ಮಾಡಿತ್ತು. ಗಡುವು 2020ರ ಮಾರ್ಚ್. ನಾವು ನಿಂತ ಸಾಲಿನಲ್ಲಿ ಅದು ಇರಲಿಲ್ಲ.

2021ರ ಅಕ್ಟೋಬರ್‌ನಲ್ಲಿ ನೃತ್ಯಗಾರ್ತಿ ಸುಧಾ ಚಂದ್ರನ್ ಒಂದು ವಿಡಿಯೋ ಹಾಕಿದ್ದರು. ಪ್ರತಿಸಲ ತಪಾಸಣೆಯಲ್ಲಿ ಕೃತಕ ಕಾಲು ಬಿಚ್ಚಿಸುತ್ತಾರೆ, ಇದು ಸರಿಯೇ ಅಂತ ಪ್ರಧಾನಿಯನ್ನೇ ಕೇಳಿದ್ದರು. ಭದ್ರತಾ ಪಡೆ ಕ್ಷಮೆ ಕೇಳಿತು. 2009ರಲ್ಲಿ ಅಬ್ದುಲ್ ಕಲಾಂ ಅವರನ್ನು ದೆಹಲಿಯಲ್ಲಿ ಅಮೆರಿಕದ ವಿಮಾನ ಕಂಪನಿಯೊಂದು ತಪಾಸಣೆ ಮಾಡಿದಾಗ ಸಂಸತ್ತಿನಲ್ಲೇ ಗಲಾಟೆ ಆಯಿತು. ಕಂಪನಿ ಕ್ಷಮೆ ಕೇಳಿತು. ಕಲಾಂ ಅವರು ಮಾತ್ರ ದೂರು ಹೇಳಿರಲಿಲ್ಲ. ನಮ್ಮ ಅವ್ವನೂ ಹೇಳಲಿಲ್ಲ. ಆದರೆ ಅವಳ ಪರವಾಗಿ ಯಾರು ಗಲಾಟೆ ಮಾಡುತ್ತಾರೆ?

ಇಷ್ಟೆಲ್ಲ ಬಿಗಿ ಮಾಡಿದರೆ ನಿಜವಾದ ಕಳ್ಳ ಸಿಗುತ್ತಾನಾ? 2015ರಲ್ಲಿ ಅಮೆರಿಕದಲ್ಲಿ ಸರ್ಕಾರದವರೇ ಮಾರುವೇಷದಲ್ಲಿ ಏರ್‌ಪೋರ್ಟುಗಳಿಗೆ ಹೋಗಿ ಪರೀಕ್ಷೆ ಮಾಡಿದರು. 70 ಸಲ ಆಯುಧ, ನಕಲಿ ಬಾಂಬ್ ಸಾಗಿಸಲು ನೋಡಿದರೆ 67 ಸಲ ದಾಟಿಬಿಟ್ಟರು. ಶೂ ಬಿಚ್ಚಿಸುತ್ತಿದ್ದ ಕಾಲದಲ್ಲೇ ಇದು. ನೋಡುವ ಕಣ್ಣಿಗೂ ದಣಿವಾಗುತ್ತದೆ. ಯುರೋಪಿನಲ್ಲಿ ಎಕ್ಸ್‌ರೇ ಪರದೆಯ ಮುಂದೆ ಸಾಮಾನ್ಯವಾಗಿ ಒಬ್ಬರನ್ನು ಒಂದೇ ಸಮನೆ 20 ನಿಮಿಷಕ್ಕಿಂತ ಜಾಸ್ತಿ ಕೂರಿಸಬಾರದು ಅಂತ ನಿಯಮವೇ ಇದೆ. ಆ ಕಣ್ಣನ್ನು ತುಪ್ಪ, ಉಪ್ಪಿನಕಾಯಿ ಹುಡುಕುವುದರಲ್ಲೇ ಸವೆಸಿದರೆ ಚೂರಿ ನೋಡುವವರು ಯಾರು?

ನಾವು ಚಿಕ್ಕವರಿದ್ದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಶಾಲೆಯಿಂದ ಕೋಟೆ ನೋಡಲು ಹೋಗದ ವರ್ಷವಿಲ್ಲ. ಏಳು ಸುತ್ತು ಗೋಡೆ, ನೇರವಾಗಿ ನುಗ್ಗಲಾಗದಂತೆ ತಿರುವಿಟ್ಟು ಕಟ್ಟಿದ ಬಾಗಿಲು. ಇಷ್ಟಿದ್ದೂ ಹೈದರಾಲಿಯ ಕಡೆಯವರು ಬಂದಿದ್ದು ಮೊಸರು ಮಾರುವ ಹೆಂಗಸು ಓಡಾಡುತ್ತಿದ್ದ ಕಿಂಡಿಯಿಂದ ಅಂತ ಮೇಷ್ಟ್ರು ಹೇಳುತ್ತಿದ್ದರು. ನೀರಿಗೆ ಹೋದ ಓಬವ್ವ ಆ ಕಿಂಡಿಯ ಕಡೆ ಕಣ್ಣು ಹಾಯಿಸಿದಳು, ಅದಕ್ಕೇ ಆ ಸಲ ಕೋಟೆ ಉಳಿಯಿತು. ಮೊಸರಿನವಳ ಗಡಿಗೆಯನ್ನು ದಿನಾ ಒಡೆಸಿದ್ದರೆ ಉಳಿಯುತ್ತಿತ್ತಾ?

ಬ್ಯೂರೋಗೆ ಪತ್ರ ಬರೆದಿದ್ದೇನೆ. ಮಂಡಿ, ಸೊಂಟದ ಆಪರೇಷನ್ ಆದವರಿಗೆ ಬಾಡಿ ಸ್ಕ್ಯಾನರ್ ಇರುವ ಸಾಲೇ ಸಿಗಬೇಕು. ಅದು ಬರುವವರೆಗೆ ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಲಿ, ಪರದೆ ಪೂರ್ತಿ ಮುಚ್ಚಿರಲಿ. ನಿಷೇಧದ ಪಟ್ಟಿ ಟಿಕೆಟ್ ಜೊತೆಗೇ ಕನ್ನಡದಲ್ಲಿ ಬರಲಿ. ಪ್ರತಿ ನಿಯಮವನ್ನೂ ಮೂರು ವರ್ಷಕ್ಕೊಮ್ಮೆ ಇನ್ನೂ ಬೇಕಾ ಅಂತ ನೋಡಲಿ. ಮನೆಯಲ್ಲಿ ಮಂಡಿ ಆಪರೇಷನ್ ಆದವರಿದ್ದರೆ ನೀವೂ ಬರೆಯಿರಿ. ಒಬ್ಬಳ ಪತ್ರ ಕಡತದಲ್ಲೇ ಉಳಿಯುತ್ತದೆ.

ನಾನು ವಾಪಸ್ ಬಂದಿದ್ದೇನೆ. ಅವ್ವ ಇನ್ನೂ ಅಲ್ಲೇ ಇದ್ದಾಳೆ. ಮಗು ಚೆನ್ನಾಗಿದೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಾ, ತಂಗಿ ಆಚೆ ಹೋದ ಮೇಲೆ, ಮೆಲ್ಲಗೆ ಕೇಳಿದಳು. 'ಬರುವಾಗ ನೀನು ಜೊತೆಗೆ ಇರಲ್ಲಲ್ಲ, ಆಗಲೂ ಸೀರೆ ಎತ್ತಿಸ್ತಾರೇನೇ?'

ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ ಹೋಗಿ ಚೀಟಿ ಬರೆಸಿಕೊಂಡು ಅವಳಿಗೆ ಕಳಿಸಿದ್ದೇನೆ. ಅದು ಇಂಗ್ಲಿಷ್‌ನಲ್ಲಿದೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ನಾನೇ ಬರೆದೆ. 'ಅವ್ವ, ಯಂತ್ರ ಕೂಗಿದ ಕೂಡಲೇ ಇದನ್ನು ತೋರಿಸು. ಗೂಡಿಗೆ ಕರೆದರೆ ಮೊದಲು ಪರದೆ ಪೂರ್ತಿ ಎಳೆಯೋಕೆ ಹೇಳು. ಎಳೆಯೋವರೆಗೂ ಸೀರೆ ಮುಟ್ಟಬೇಡ.'