ಮಳೆಗಾಲದಲ್ಲಿ ಚೆಂಡು ಎಸೆಯದಿದ್ದರೆ ಕೈ ಜಡ್ಡು ಹಿಡಿಯುತ್ತಾ? ಒಂದು ಸ್ಪಷ್ಟನೆ

ಪುಣೆಯ ನಮ್ಮ ಕನ್ನಡ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಬೇಸ್‌ಬಾಲ್ ಆಡೋ ಮಕ್ಕಳು ಮಳೆಗಾಲದಲ್ಲೂ ದಿನಾ ಎಸೆಯಬೇಕು. ಎರಡು ತಿಂಗಳು ಬಿಟ್ಟರೆ ಕೈ ಜಡ್ಡು ಹಿಡಿಯುತ್ತೆ. ಅಮೆರಿಕದಲ್ಲಿ ವರ್ಷವಿಡೀ ಎಸೆಯಿರಿ ಅಂತಲೇ ಹೇಳಿಕೊಡೋದು."

ಇದು ತಪ್ಪು. ಅಮೆರಿಕದ ಮಾತಂತೂ ಪೂರ್ತಿ ಉಲ್ಟಾ. ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಆ ದೇಶದ ಬೇಸ್‌ಬಾಲ್ ಸಂಸ್ಥೆ ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ತಂದ 'ಪಿಚ್ ಸ್ಮಾರ್ಟ್' ಸೂಚನೆಗಳ ಪ್ರಕಾರ, 9ರಿಂದ 12 ವರ್ಷದ ಮಕ್ಕಳು ವರ್ಷಕ್ಕೆ ಕನಿಷ್ಠ 4 ತಿಂಗಳು ಎಸೆತ ನಿಲ್ಲಿಸಬೇಕು. ಅದರಲ್ಲಿ 2-3 ತಿಂಗಳು ಒಂದೇ ಸಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಣಿಸಿ, ನಮ್ಮ ಮಳೆಗಾಲವೂ ಅಷ್ಟೇ ಅಲ್ವಾ!

ಬೆಳೆಯುವ ಮಕ್ಕಳ ಮೂಳೆಯ ತುದಿಯ ಹತ್ತಿರ ಒಂದು ಮೆತ್ತನೆಯ ಭಾಗ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಬಿಡುವಿಲ್ಲದೆ ಎಸೆದರೆ ಪೆಟ್ಟು ಬೀಳುವುದೂ ಅಲ್ಲಿಗೇ. ಕಳೆದ ವರ್ಷ ನನ್ನ ಮಗ ಎಡಗೈಯಲ್ಲಿ ಚಪಾತಿ ಮುರಿಯಲು ಶುರು ಮಾಡಿದ. ಸುಮ್ನೆ ಬೈದೆ. ಬಲ ಮೊಣಕೈ ನೋಯುತ್ತಿದೆ ಅಂತ ಆಮೇಲೆ ಗೊತ್ತಾಯಿತು. ಬೈಸಿಕೊಳ್ಳಬೇಕಾದವಳು ನಾನೇ.

ಸಂದೇಶದಲ್ಲಿ ಅರ್ಧ ನಿಜವೂ ಇದೆ. ಬಿಡುವು ಮುಗಿದ ಮೊದಲ ದಿನವೇ ಜೋರಾಗಿ ಎಸೆದರೆ ಕೈ ನೋಯುತ್ತದೆ. ಅದಕ್ಕೆ ಬಿಡುವೇ ಬೇಡ ಅಂತಲ್ಲ. ಹತ್ತಿರದಿಂದ ಮೆಲ್ಲಗೆ ಶುರು ಮಾಡಿ, ವಾರವಾರ ದೂರ ಜಾಸ್ತಿ ಮಾಡಬೇಕು. ಬಿಡುವು ಅಂದರೆ ಮೊಬೈಲ್ ಹಿಡಿದು ಕೂರುವುದೂ ಅಲ್ಲ. ಎಸೆತಕ್ಕೆ ಬಲ ಬರುವುದು ಕಾಲು, ಸೊಂಟದಿಂದ. ಓಟ, ಖೋಖೋ, ಫುಟ್‌ಬಾಲ್ ಯಾವುದಾದರೂ ಆಡಲಿ. ಮೊಣಕೈ, ಭುಜ ನೋಯುತ್ತಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.