ಹತ್ತೂವರೆಯ ರೀಸ್ಟಾರ್ಟ್ ಮುಹೂರ್ತ

ಕಾಸರಗೋಡಿನ ಕಡೆ ಸರಕಾರಿ ಕಾಗದಪತ್ರಕ್ಕೆ ಹೊರಡುವವರು ಈಗ ರಾಹುಕಾಲ ನೋಡುವುದಿಲ್ಲ, ಸರ್ವರ್ ರೀಸ್ಟಾರ್ಟ್ ಆಗುವ ಕಾಲ ನೋಡುತ್ತಾರೆ. ರಾಹುಕಾಲವಾದರೂ ದಿನಕ್ಕೊಂದು ಹೊತ್ತಿಗೆ ಬರುತ್ತದೆ. ಇದು ಹಾಗಲ್ಲ, ಬೆಳಿಗ್ಗೆ ಹತ್ತೂವರೆ ಎಂದರೆ ಹತ್ತೂವರೆಯೇ. ಇಡೀ ಆಡಳಿತದಲ್ಲಿ ಸಮಯಪಾಲನೆ ಅಂತ ಉಳಿದದ್ದು ಇದೊಂದೇ ಕಡೆ, ಗೌರವ ಕೊಡಲೇಬೇಕು.

ದಿನಾ ಯಾಕೆ ಆರಿಸಿ ಹೊತ್ತಿಸಬೇಕು? ಒಳಗಿನ ಪ್ರೋಗ್ರಾಂ ಮೆಮೊರಿ ಕೇಳಿ ಪಡೆಯುತ್ತದೆ, ಕೆಲಸ ಮುಗಿದರೂ ವಾಪಸು ಕೊಡುವುದಿಲ್ಲ. ಗಂಟೆಗಳು ಕಳೆದ ಹಾಗೆ ಯಂತ್ರ ಏದುಸಿರು ಬಿಡುತ್ತದೆ. ತಪ್ಪು ಎಲ್ಲಿದೆ ಎಂದು ಹುಡುಕಿ ಸರಿಮಾಡಿಸಲು ಟೆಂಡರು ಬೇಕು, ಫೈಲು ಬೇಕು, ಸಹಿ ಬೇಕು. ರೀಸ್ಟಾರ್ಟ್ ಮಾಡಿಸಲು, ಹೇಳಿದ ಹೊತ್ತಿಗೆ ಕೆಲಸ ನಡೆಸುವ ಪ್ರೋಗ್ರಾಂ ಆದ ಕ್ರಾನ್‌ನಲ್ಲಿ ಒಂದು ಸಾಲು ಸಾಕು. ಆ ಸಾಲಿಗೆ ಐದು ಮನೆ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ಸೊನ್ನೆ, ಐದು, ಆಮೇಲೆ ‘ಯಾವುದಾದರೂ ಸರಿ’ ಎನ್ನುವ ಮೂರು ನಕ್ಷತ್ರ ಹಾಕಿದರೆ ದಿನಾ ಬೆಳಗಿನ ಜಾವ ಐದಕ್ಕೆ ಯಂತ್ರ ತಾನಾಗಿ ಮಲಗಿ ಏಳುತ್ತದೆ. ಜನ ಏಳುವ ಮೊದಲೇ ಕೆಲಸ ಮುಗಿಯಲಿ ಎಂಬುದು ಬರೆದವನ ಸದುದ್ದೇಶ.

ಆದರೆ ಸರ್ವರಿನ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಅಳತೆಯ ಸಮಯದಲ್ಲಿ ಉಂಟು. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅದರ ಐದು ಗಂಟೆ ಎಂದರೆ ನಮಗೆ ಹತ್ತೂವರೆ. ಬದಿಯಡ್ಕ, ಪೆರ್ಲ ಕಡೆಯ ಬಸ್ಸುಗಳು ಜನರನ್ನು ಇಳಿಸಿ, ಟೋಕನ್ ಹಿಡಿದವರ ಸಾಲು ಮೆಟ್ಟಿಲು ದಾಟಿ ರಸ್ತೆಗೆ ಬಂದ ಹೊತ್ತು. ಗಡಿನಾಡಿನವರಿಗೆ ಇದೇನೂ ಹೊಸತಲ್ಲ. 1956ರ ನವೆಂಬರ್ 1ರಿಂದ ಹೊಂದಿಕೊಂಡು ಹೊಂದಿಕೊಂಡೇ ಪಳಗಿದವರು ನಾವು. ಅರ್ಜಿಯ ಭಾಷೆ ತಿರುವನಂತಪುರದ್ದು, ಗಡಿಯಾರ ಗ್ರೀನಿಚ್‌ನದ್ದು, ಕಾಯುವ ಬೆಂಚು ಮಾತ್ರ ನಮ್ಮದು.

ಆ ಬೆಂಚಿನಲ್ಲಿ ಒಬ್ಬರು ಅಜ್ಜ. ವರಮಾನ ಸರ್ಟಿಫಿಕೇಟಿಗೆ ಬಂದವರು. ಆಧಾರಿಗೆ ಸೇರಿಸಿದ ಫೋನ್ ನಂಬರು ದುಬೈಯಲ್ಲಿರುವ ಮಗನದ್ದು. ಇಲ್ಲಿ ಹತ್ತೂ ಇಪ್ಪತ್ತೈದಕ್ಕೆ ಒತ್ತಿದ ಓಟಿಪಿ ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಮುಟ್ಟುತ್ತದೆ. ಮಗ ಲಿಫ್ಟಿನಲ್ಲಿ. ಹೊರಗೆ ಬಂದು, ನೋಡಿ, ವಾಟ್ಸಾಪಿನಲ್ಲಿ ಕಳಿಸುವಾಗ ಇಲ್ಲಿ ಪರದೆ ಬಿಳಿ.

"ಅಜ್ಜ, ಸರ್ವರ್ ಡೌನ್ ಉಂಟು, ಸ್ವಲ್ಪ ಕೂತ್ಕೊಳ್ಳಿ" ಎನ್ನುತ್ತಾಳೆ ಕೌಂಟರಿನ ಹುಡುಗಿ.

"ನಿನ್ನೆಯೂ ಕೂತಿದ್ದೇನಲ್ಲ ಮಗಾ."

"ನಿನ್ನೆಯದ್ದು ನಿನ್ನೆಗೆ ಆಯ್ತು ಅಜ್ಜ."

ಇದನ್ನೂ ಸಮರ್ಥಿಸುವವರಿದ್ದಾರೆ. 2015ರಲ್ಲಿ ಬೋಯಿಂಗ್ 787 ವಿಮಾನದ ಜನರೇಟರುಗಳನ್ನು ನಿಯಂತ್ರಿಸುವ ಸಾಫ್ಟ್‌ವೇರು 248 ದಿನ ಎಡೆಬಿಡದೆ ಓಡಿದರೆ ಕೈಕೊಡುತ್ತದೆಂದು ಗೊತ್ತಾಗಿ, ನಡುನಡುವೆ ವಿದ್ಯುತ್ ಪೂರ್ತಿ ಆರಿಸಬೇಕೆಂದು ಅಮೆರಿಕದಲ್ಲಿ ಆದೇಶವೇ ಆಯಿತಂತೆ. ಅಂಥ ವಿಮಾನಕ್ಕೇ ಬೇಕಾದರೆ ನಮ್ಮದಕ್ಕೆ ಬೇಡವೇ? ಬೇಕು ಸ್ವಾಮಿ. ಆದರೆ ಅದನ್ನು ಆಕಾಶದಲ್ಲಿ, ಜನರನ್ನು ಕೂರಿಸಿಕೊಂಡು ಆರಿಸಿ ಎಂದು ಅಲ್ಲಿ ಯಾರೂ ಹೇಳಲಿಲ್ಲ.

ದೂರು ಹೋಯಿತು. ಸಾಲಿನಲ್ಲಿ 21:30 ಎಂದು ಬರೆದರೆ ಮುಗಿಯುತ್ತಿತ್ತು, ನಮಗೆ ಅದು ರಾತ್ರಿ ಮೂರು. ಮೇಲಿನವರು ಅಷ್ಟು ಸಣ್ಣದಾಗಿ ಯೋಚಿಸಲಿಲ್ಲ. ದಿನಾ ಬೇಡ, ತಿಂಗಳ ಮೊದಲ ಭಾನುವಾರ ಮಾತ್ರ ಸಾಕು ಎಂದು ತೀರ್ಮಾನಿಸಿ, ತಾರೀಕಿನ ಮನೆಯಲ್ಲಿ ಒಂದರಿಂದ ಏಳು, ವಾರದ ಮನೆಯಲ್ಲಿ ಭಾನುವಾರ ಎಂದು ತುಂಬಿಸಿದರು. ಗಂಟೆಯನ್ನು ಮುಟ್ಟಲಿಲ್ಲ. ಕ್ರಾನಿನ ಗುಣ ಏನೆಂದರೆ, ಆ ಎರಡೂ ಮನೆ ತುಂಬಿದ್ದರೆ ಎರಡೂ ಕೂಡಿ ಬರಲಿ ಎಂದು ಅದು ಕಾಯುವುದಿಲ್ಲ. ಯಾವುದಾದರೂ ಒಂದು ಬಂದರೆ ಸಾಕು. ಹಾಗಾಗಿ ಒಂದರಿಂದ ಏಳರವರೆಗೆ ದಿನಾ, ಮತ್ತೆ ಉಳಿದ ಭಾನುವಾರಗಳಲ್ಲೆಲ್ಲ. ತಿಂಗಳಿಗೆ ಒಂದು ಸಲ ಎಂದದ್ದು ಹತ್ತೋ ಹನ್ನೊಂದೋ ಸಲ ಆಯಿತು. ವಾರದ ನಡುವೆ ಯಂತ್ರಕ್ಕೆ ಬಿಡುವಿಲ್ಲದೆ ಏದುಸಿರು, ತಿಂಗಳ ಮೊದಲ ವಾರ, ಎಲ್ಲರೂ ಬರುವಾಗ, ಅದಕ್ಕೆ ನಿದ್ದೆ. "ಸಮಸ್ಯೆ ಪರಿಹರಿಸಲಾಗಿದೆ" ಎಂದು ದೂರುದಾರರಿಗೆ ಮೆಸೇಜು ಬಂತು, ಮಲಯಾಳದಲ್ಲಿ.

ಇಷ್ಟರಲ್ಲೂ ಲೆಕ್ಕ ತಪ್ಪದವರೆಂದರೆ ಪಕ್ಕದ ಚಹಾದಂಗಡಿಯ ಅಣ್ಣ. ಹತ್ತೂ ಇಪ್ಪತ್ತಕ್ಕೆ ಎಣ್ಣೆ ಕಾಯಲಿಟ್ಟು, ಹತ್ತೂವರೆಗೆ ಬಾಳೆಹಣ್ಣಿನ ಪೋಡಿಯ ಮೊದಲ ಬಾಣಲೆ ಇಳಿಸುತ್ತಾರೆ. ಹೊಸ ವ್ಯವಸ್ಥೆಯ ಬಗ್ಗೆ ಅವರದ್ದೂ ಒಂದು ಅಹವಾಲು ಉಂಟು: "ಒಂದರಿಂದ ಏಳು ಬಾರೀ ಒಳ್ಳೇದಾಯ್ತು ಮಾರಾಯ್ರೆ. ಆದ್ರೆ ಭಾನುವಾರ ನಂಗೆ ರಜೆ ಅಲ್ವಾ, ಅದನ್ನು ಸೋಮವಾರಕ್ಕೆ ಹಾಕ್ಲಿಕ್ಕೆ ಹೇಳಿ."