ಬೆನ್ನಿಗೆ ನಾಲ್ಕು, ಹಿಂಬಾಗಿಲಿಗೆ ಐದು

ಅಮೆರಿಕದಲ್ಲಿ ಈಗ ಕಳ್ಳರ ಕಾಟಕ್ಕೆ ಎಷ್ಟೋ ಕಡೆ ಮೆಡಿಕಲ್ ಶಾಪಿನ ಟೂತ್‌ಪೇಸ್ಟಿಗೂ ಬೀಗ. ಬಟನ್ ಒತ್ತಿ ಕಾಯಬೇಕು, ಯಾರೋ ಪುಣ್ಯಾತ್ಮರು ಕೀಲಿಗೊಂಚಲು ಹಿಡಿದು ಬರುತ್ತಾರೆ. ಆದರೆ ಚರ್ಮ ಮರಗಟ್ಟಿಸುವ ಲಿಡೋಕೇನ್ ಕ್ರೀಮು (ನಮ್ಮೂರಿನ ಡಾಕ್ಟರು ಲಿಗ್ನೋಕೇನ್ ಅನ್ನೋದು ಇದಕ್ಕೇ) ಸೊಪ್ಪಿನಂಗಡಿಯ ಕೊತ್ತಂಬರಿ ಹಾಗೆ ಕೈಗೆ ಸಿಗುವಲ್ಲೇ ಇರುತ್ತದೆ.

ಸುಮ್ನೆ ಇಟ್ಟಿಲ್ಲ, ಕಾನೂನು ಇದೆ. ಡಾಕ್ಟರ ಚೀಟಿ ಇಲ್ಲದೆ ಚರ್ಮಕ್ಕೆ ಹಚ್ಚುವುದಾದರೆ 4% ಮೀರುವಂತಿಲ್ಲ. ಒಳ್ಳೇದೇ. ಜಾಸ್ತಿ ಜಾಗಕ್ಕೆ ದಪ್ಪಗೆ ಬಳಿದು ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡರೆ ಔಷಧಿ ರಕ್ತಕ್ಕೆ ಇಳಿದು ಎದೆಬಡಿತ ತಪ್ಪಬಹುದು, ಫಿಟ್ಸ್ ಬರಬಹುದು. ಇದಕ್ಕೆ ಯಾರ ತಕರಾರೂ ಇಲ್ಲ.

ತಕರಾರು ಇರೋದು ಪಕ್ಕದ ಟ್ಯೂಬಿನ ಬಗ್ಗೆ. ಅದೇ ಲಿಡೋಕೇನ್, ಆದರೆ 5%. ಅದಕ್ಕೂ ಚೀಟಿ ಬೇಡ. ಯಾಕಪ್ಪಾ ಅಂದರೆ ಡಬ್ಬದ ಮೇಲೆ ಪೈಲ್ಸಿಗೆ ಅಂತ ಬರೆದಿದೆ! ಬೆನ್ನಿಗಾದರೆ ನಾಲ್ಕು, ಹಿಂಬಾಗಿಲಿಗಾದರೆ ಐದು. ಅಷ್ಟೇ ಅಲ್ಲ, 4%ದ್ದನ್ನು ದಿನಕ್ಕೆ ಮೂರ್ನಾಲ್ಕು ಸಲ ಹಚ್ಚಬಹುದು, 5%ದ್ದನ್ನು ಆರು ಸಲ. ಹೆಚ್ಚು ಖಾರದ್ದನ್ನೇ ಹೆಚ್ಚು ಸಲ ಬಡಿಸಿ ಅಂತ ಯಾವ ಮಹಾನುಭಾವ ಬರೆದನೋ.

ಹೀಗಾಗಿದ್ದಕ್ಕೆ ಕಾರಣ, ಚೀಟಿ ಬೇಡದ ಔಷಧಿಗಳ ನಿಯಮ ಬರೆಯುವಾಗ ಮೈಯ ಎರಡು ಭಾಗಕ್ಕೆ ಎರಡು ಕಡತ ಮಾಡಿದ್ದು. ಪೈಲ್ಸ್ ಕಡತ 1990ರಲ್ಲೇ ಮುಗಿಯಿತು. ಚರ್ಮದ ಕಡತಕ್ಕೆ 1983ರಲ್ಲಿ ಕರಡು ಬಂದಿತ್ತು, ಆಮೇಲೆ ಅದು ಕರಡಾಗಿಯೇ ಮಲಗಿತು. ಕೊನೆಗೆ 2020ರಲ್ಲಿ ಕೊರೋನಾ ಪರಿಹಾರದ ಕಾಯ್ದೆಯೊಳಗೆ ಸೇರಿಸಿ ಅದನ್ನು ದಡ ಮುಟ್ಟಿಸಿದರು. 37 ವರ್ಷ! ನಮ್ಮ ತಾಲೂಕು ಕಚೇರಿಯನ್ನು ಬೈಯುವವರು ಸ್ವಲ್ಪ ನಾಲಿಗೆ ಬಿಗಿ ಹಿಡಿಯಿರಿ.

ಜನ ಏನು ದಡ್ಡರಾ? ಟ್ಯಾಟೂ ಹಾಕಿಸಿಕೊಳ್ಳುವವರು, ಲೇಸರಿನಲ್ಲಿ ಕೂದಲು ತೆಗೆಸುವವರು ಐದರ ಟ್ಯೂಬಿಗೇ ಕೈ ಹಾಕುತ್ತಾರೆ. ಮಾರುವವರೂ ಜಾಣರೇ. ಹಾಗಾಗಿ ಪುಟ್ಟ ಪಾತರಗಿತ್ತಿ ಟ್ಯಾಟೂ ಬೇಕೆಂದವರ ಬ್ಯಾಗಿನಲ್ಲೂ ಮೂಲವ್ಯಾಧಿಯ ಮುಲಾಮು. 2024ರ ಮಾರ್ಚಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚೆತ್ತು, ಚರ್ಮಕ್ಕೆ 4% ದಾಟಿದ್ದನ್ನು ಹಚ್ಚಬೇಡಿ ಅಂತ ಹೇಳಿ ಕೆಲವು ಕಂಪನಿಗಳಿಗೆ ನೋಟಿಸನ್ನೂ ಕೊಟ್ಟಿತು. ಪೈಲ್ಸಿನ ಐದು ಮಾತ್ರ ಐದಾಗಿಯೇ ಉಳಿಯಿತು.

ನಮ್ಮ ಮಾವ ಮಗಳನ್ನು ನೋಡಲು ಮೈಸೂರಿನಿಂದ ಬಂದಿದ್ದರು. ಸರ್ಪಸುತ್ತು ವಾಸಿಯಾಗಿದ್ದರೂ ಪಕ್ಕೆಯ ಉರಿ ಹೋಗಿರಲಿಲ್ಲ. ಆ ಉರಿಗೆಂದೇ ಚರ್ಮಕ್ಕೆ ಅಂಟಿಸುವ ಲಿಡೋಕೇನ್ ಪಟ್ಟಿ ಇದೆ, 5%. ಆದರೆ ಅದಕ್ಕೆ ಚೀಟಿ ಬೇಕು. ಚೀಟಿಗೆ ಡಾಕ್ಟರು ಬೇಕು. ಪ್ರವಾಸಿಗಳ ಇನ್ಶೂರೆನ್ಸಿನವರು ಹಳೇ ಕಾಯಿಲೆ ಅಂದಕೂಡಲೇ ಫೋನಿನಲ್ಲಿ ಸಂಗೀತ ಹಾಕಿ ಮಾಯ. ಸರಿ, ಅಂಗಡಿಗೆ ಹೋದೆವು. ಮಾವ ಕನ್ನಡಕ ಏರಿಸಿ ಐದರ ಟ್ಯೂಬಿನ ಡಬ್ಬ ಓದಿದರು.

"ಅಳಿಯಂದ್ರೇ, ನನಗೆ ಮೂಲವ್ಯಾಧಿ ಇಲ್ವಲ್ರೀ?"

"ಗೊತ್ತು ಮಾವ. ಇದ್ದಿದ್ರೆ ಐದು ಸಿಗ್ತಿತ್ತು. ನಿಮಗೆ ನಾಲ್ಕೇ."

"ಹಂಗಾದ್ರೆ ಇದೆ ಅಂತಾನೇ ಹೇಳಿಬಿಡಿ, ಏನಂತೆ."

ಹೇಳುವ ಅಗತ್ಯವೇ ಇಲ್ಲ, ಯಾರೂ ಕೇಳುವುದೂ ಇಲ್ಲ. ನಾವು ನಾಲ್ಕರ ಪಟ್ಟಿಯನ್ನೇ ತಗೊಂಡೆವು, ಮಾವನಿಗೆ ಅದರಲ್ಲೇ ತಕ್ಕಮಟ್ಟಿಗೆ ಆರಾಮಾಯಿತು ಅನ್ನಿ. ಆದರೆ ಅದೇ ದಿನ ಅವರಿಗೆ ಮೂಗೂ ಕಟ್ಟಿತ್ತು. ಮೂಗು ಬಿಡಿಸುವ ಸೂಡೋಎಫೆಡ್ರಿನ್ ಮಾತ್ರೆಯಿಂದ ಮಾದಕವಸ್ತು ಮಾಡಬಹುದೆಂದು ಅದನ್ನು ಕೌಂಟರಿನ ಹಿಂದೆ ಇಡುತ್ತಾರೆ. ದಿನಕ್ಕೆ ಇಷ್ಟೇ ಗ್ರಾಂ, ತಿಂಗಳಿಗೆ ಇಷ್ಟೇ ಗ್ರಾಂ ಅಂತ ಲೆಕ್ಕ ಬೇರೆ. ಮಾವ ಪಾಸ್‌ಪೋರ್ಟ್ ತೋರಿಸಿ, ವಿಳಾಸ ಬರೆಸಿ, ಸಹಿ ಹಾಕಿದರು. ಕೌಂಟರಿನಾಕೆ ಪಾಸ್‌ಪೋರ್ಟ್ ಫೋಟೋ ನೋಡಿದರು, ಮಾವನ ಮುಖ ನೋಡಿದರು, ಮತ್ತೊಮ್ಮೆ ಫೋಟೋ ನೋಡಿದರು. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು ಸೀನಿದ ಮೇಲೆಯೇ ಮಾತ್ರೆ ಕೊಟ್ಟರು.